ನಿಮ್ಮ ಕಿವಿ ಬೆಲ್‌ನ ಹಿಂದೆ ಇದೆ

ಓದುಗರ ಪ್ರಶ್ನೆ, ವಾದಕರ ಉತ್ತರ

(ಉತ್ತರ ಬರೆಯುವವರು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬ್ಯಾಂಡ್ ವಾದ್ಯ ರಿಪೇರಿ ಮಾಡುವ ಹಿರಿಯ ಟ್ರಂಪೆಟ್ ವಾದಕರು.)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು. ಹೊಸ ವಾದ್ಯ ತಗೋಬೇಕು, ಯಾವುದು ತಗೊಳ್ಳಲಿ? ಮದುವೆ ಸೀಸನ್ ಮುಗಿದು ಕೈಯಲ್ಲಿ ನಾಲ್ಕು ಕಾಸು ನಿಂತಿರುವ ಹೊತ್ತು. ಹಾಗಾಗಿ ಈ ತಿಂಗಳು ಪೂರ್ತಿ ಪುಟ ಅದಕ್ಕೇ.

ಪ್ರಶ್ನೆ: ನಾನು ಮದುವೆ, ಮೆರವಣಿಗೆಗಳಿಗೆ ಟ್ರಂಪೆಟ್ ನುಡಿಸುತ್ತೇನೆ. 9 ವರ್ಷದಿಂದ ಒಂದೇ ವಾದ್ಯ. ನನಗೆ ಬೇಕಾದ ನಾದ ದುಂಡಗೆ, ಮೆತ್ತಗೆ ಇರಬೇಕು. ನುಡಿಸುವಾಗ ಹಾಗೇ ಬರುತ್ತಿದೆ ಅನಿಸುತ್ತದೆ. ಆದರೆ ಮದುವೆ ವಿಡಿಯೋ ಹಾಕಿ ನೋಡಿದರೆ ತಗಡು ಬಡಿದ ಹಾಗೆ ಕೇಳುತ್ತದೆ. 40 ಸಾವಿರ ಕೂಡಿಟ್ಟಿದ್ದೇನೆ. ಯಾವ ಕಂಪನಿಯದು ಕೊಳ್ಳಲಿ?
– ಟ್ರಂಪೆಟ್ ವಾದಕ, 27 ವರ್ಷ, ಗಂಗಾವತಿ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ನುಡಿಸುವಾಗ ಒಂದು ಥರ, ವಿಡಿಯೋದಲ್ಲಿ ಇನ್ನೊಂದು ಥರ ಅಂತ ಬರೆದಿದ್ದೀಯಲ್ಲ, ವಿಷಯ ಇರೋದು ಅಲ್ಲೇ. ಕಂಪನಿ ಮಾತು ಆಮೇಲೆ.

ಟ್ರಂಪೆಟ್ ನಾದದಲ್ಲಿ ಹೊಳಪು ಕೊಡುವ ಮೇಲಿನ ಸಣ್ಣ ದನಿಗಳು ಇರುತ್ತವೆ. ಅವು ಬೆಲ್‌ನಿಂದ, ಅಂದರೆ ವಾದ್ಯದ ಅರಳಿದ ಬಾಯಿಂದ, ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತವೆ. ಕೆಳಗಿನ ದಪ್ಪ ದನಿಗಳು ಹಾಗಲ್ಲ, ಸುತ್ತ ಹರಡುತ್ತವೆ. ನೀನು ನಿಂತಿರುವುದು ಬೆಲ್‌ನ ಹಿಂದೆ. ನಿನ್ನ ಕಿವಿಗೆ ದಪ್ಪ ದನಿಯೇ ಜಾಸ್ತಿ ಸಿಗುತ್ತದೆ, ಹೊಳಪು ಕಡಿಮೆ ಸಿಗುತ್ತದೆ. ಎದುರಿಗೆ ನಿಂತವನಿಗೆ ಅದು ತಿರುಗುಮುರುಗು. ನಿನಗೆ ಮೆತ್ತಗೆ ಕೇಳಿದ್ದು ಅವನ ಕಿವಿಗೆ ಚುಚ್ಚುತ್ತದೆ. ಮೇಲಾಗಿ ಮದುವೆಯಲ್ಲಿ ಮೊಬೈಲ್ ಹಿಡಿದವರು ನಿನ್ನ ಬೆಲ್‌ನಿಂದ 3 ಅಡಿ ದೂರದಲ್ಲಿ ಇರುತ್ತಾರೆ. ಅಷ್ಟು ಜೋರು ದನಿಯನ್ನು ಆ ಸಣ್ಣ ಮೈಕ್ ತಡೆಯಲಾರದೆ ಒಡೆದು ಬಿಡುತ್ತದೆ. ಅದಕ್ಕೇ ವಿಡಿಯೋ ನೋಡಿ ಪೂರ್ತಿ ಎದೆಗುಂದಬೇಡ. ಹಾಗಂತ ಸುಮ್ನೆ ಬಿಡುವ ಮಾತೂ ಅಲ್ಲ.

ಇದು ನಾನು ದುಡ್ಡು ಕಳೆದುಕೊಂಡು ಕಲಿತ ಪಾಠ. 1994ರಲ್ಲಿ ಎರಡು ವರ್ಷದ ಉಳಿತಾಯ ಕಟ್ಟಿಕೊಂಡು ದೂರದ ಒಂದು ದೊಡ್ಡ ಊರಿಗೆ ಹೋದೆ. ಅಂಗಡಿ ಚಿಕ್ಕದು. ನೆಲಕ್ಕೆ ಕಲ್ಲು, ಸುತ್ತ ಗಾಜಿನ ಬೀರು. ಒಂದು ಟ್ರಂಪೆಟ್ ಊದಿದೆ. ನಾದ ಗೋಡೆಗೆ ಬಡಿದು ನನ್ನ ಮೈಮೇಲೇ ಬಂದು ಬಿತ್ತು. ಇದಕ್ಕಿಂತ ದೊಡ್ಡ ನಾದ ಲೋಕದಲ್ಲಿ ಇಲ್ಲ ಅನಿಸಿತು. ಇನ್ನೊಂದು ಊದಿ ನೋಡಲೂ ಇಲ್ಲ, ದುಡ್ಡು ಎಣಿಸಿ ಕೊಟ್ಟೆ. ಬಳ್ಳಾರಿಗೆ ಬಂದು ಮನೆ ಮುಂದಿನ ಮೆಟ್ಟಿಲ ಮೇಲೆ ನಿಂತು ಊದಿದೆ. ರಸ್ತೆಯ ಆಚೆ ಚಹಾದಂಗಡಿ ಬೆಂಚಿನ ಮೇಲೆ ನಮ್ಮ ಉಸ್ತಾದರು ಕೂತಿದ್ದರು. ಕಪ್ಪು ಕೆಳಗಿಟ್ಟು ಕೇಳಿದರು. ಆಮೇಲೆ ರಸ್ತೆ ದಾಟಿ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. "ಇದು ನಿನ್ನ ದನಿ ಅಲ್ಲೋ. ಯಾರದೋ ದನಿ ಬಾಡಿಗೆಗೆ ತಂದೀಯ."

ಎರಡು ವರ್ಷ ಆ ವಾದ್ಯದ ಜೊತೆ ಗುದ್ದಾಡಿ ಅರ್ಧ ಬೆಲೆಗೆ ಮಾರಿದೆ.

ಮುಂದಿನ ಸಲ ಉಸ್ತಾದರನ್ನೇ ಕರೆದುಕೊಂಡು ಹೋದೆ. ಅವರು ಅಂಗಡಿಯವರನ್ನು ಕೇಳಿ ಮೂರು ಟ್ರಂಪೆಟ್ ಹಿತ್ತಲಿಗೆ ತರಿಸಿದರು. ತಾವು 30 ಅಡಿ ದೂರ ಹೋಗಿ, ನನಗೆ ಬೆನ್ನು ಮಾಡಿ ನಿಂತರು. ಮೂರರಲ್ಲೂ ಒಂದೇ ಹಾಡು, ಒಂದೇ ಮೌತ್‌ಪೀಸ್ (ತುಟಿಗೆ ಇಟ್ಟು ಊದುವ ಚಿಕ್ಕ ಬಟ್ಟಲು). ಯಾವುದು ಯಾವಾಗ ಅಂತ ನಾನು ಹೇಳುವ ಹಾಗಿಲ್ಲ. ಮೂರನೆಯದಕ್ಕೆ ಬೆರಳು ಎತ್ತಿದರು. ಅನುಕ್ರಮ ಬದಲಿಸಿ ಮತ್ತೆ ಊದಿಸಿದರು. ಮತ್ತೆ ಅದಕ್ಕೇ ಬೆರಳು. ನನಗೆ ಅದು ಇಷ್ಟ ಇರಲಿಲ್ಲ, ಬೆಲ್ ಹತ್ತಿರ ಉದ್ದಕ್ಕೆ ಒಂದು ಗೀರು ಬೇರೆ ಇತ್ತು. ಆ ವಾದ್ಯ ಈಗಲೂ ನನ್ನ ಹತ್ತಿರ ಇದೆ.

ನೀನೂ ಹಾಗೇ ಮಾಡು. ಒಳ್ಳೆಯ ಕಿವಿ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅವರು ಟ್ರಂಪೆಟ್ ವಾದಕರೇ ಆಗಬೇಕಿಲ್ಲ. ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವವರಾದರೂ ಸರಿ. ನಿನ್ನ ಹಳೇ ಟ್ರಂಪೆಟನ್ನೂ ಒಯ್ಯಿ, ಹೊಸದರ ನಡುವೆ ಅದನ್ನೂ ಸೇರಿಸಿ ಊದು. ಅವರು ಬೆನ್ನು ಮಾಡಿ ನಿಂತು ಹಳೆಯದಕ್ಕೇ ಬೆರಳು ಎತ್ತಿದರೆ 40 ಸಾವಿರ ಉಳಿಯಿತು ಅಲ್ವಾ? ಊದುವಾಗ ಮೊದಲು ಜೋರು ಸ್ವರ ಬೇಡ. ಮಧ್ಯದ ಒಂದು ಸ್ವರವನ್ನು ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಶುರುಮಾಡಿ ನಿಧಾನವಾಗಿ ಏರಿಸು. ಮೆತ್ತಗಿನ ಸ್ವರ ಗಾಳಿ ಸೋರಿದ ಸದ್ದಿಲ್ಲದೆ ಹುಟ್ಟಬೇಕು. ಏರುವಾಗ ಯಾವ ಹಂತದಲ್ಲಿ ದನಿ ಕೀಚಲು ಆಗುತ್ತದೆ ಅನ್ನುವುದನ್ನು ನಿನ್ನ ಜೊತೆಯವರು ಹೇಳಲಿ.

ಈಗ ಮೌತ್‌ಪೀಸ್. ಟ್ರಂಪೆಟ್ ಬದಲಿಸುವ ಮೊದಲು ಇದನ್ನು ಬದಲಿಸಿ ನೋಡು ಅನ್ನುತ್ತೇನೆ, ಯಾಕಂದರೆ ನಿನ್ನ ಅರ್ಧ ಸಮಸ್ಯೆ ಇಲ್ಲೇ ಇರಬಹುದು. ನಮ್ಮ ಕಡೆ ಬಹಳ ಜನರ ಹತ್ತಿರ ಇರುವುದು 7ಸಿ. ವಿನ್ಸೆಂಟ್ ಬಾಕ್ ಅನ್ನುವವರು 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ಮಾಡಲು ಶುರು ಮಾಡಿದರು. ಈ ನಂಬರು-ಅಕ್ಷರದ ಲೆಕ್ಕ ಅವರ ಕಂಪನಿಯದು. ನಂಬರು ಬಟ್ಟಲಿನ ಅಗಲ ಹೇಳುತ್ತದೆ, ಚಿಕ್ಕದಾದಷ್ಟೂ ಅಗಲ ಜಾಸ್ತಿ. ಅಕ್ಷರ ಆಳ ಹೇಳುತ್ತದೆ. ಎ ಅಂದರೆ ತುಂಬಾ ಆಳ, ಸಿ ಮಧ್ಯಮ, ಇ ಅಂದರೆ ಆಳ ತೀರಾ ಕಡಿಮೆ. ಬಟ್ಟಲು ಆಳ ಆದಷ್ಟೂ ನಾದ ದಪ್ಪ, ಆಳ ಕಡಿಮೆ ಆದಷ್ಟೂ ಚೂಪು. 7ಸಿ 16.20 ಮಿಲಿಮೀಟರ್, 3ಸಿ 16.30. ನಡುವೆ ಇರುವುದು ಹತ್ತನೇ ಒಂದು ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಅಷ್ಟನ್ನೂ ತುಟಿ ಗುರುತು ಹಿಡಿಯುತ್ತದೆ! ನಿನಗೆ 7ಬಿ ಹೇಳುತ್ತೇನೆ. ಅಗಲ ಅದೇ, ತುಟಿ ಗಾಬರಿಯಾಗುವುದಿಲ್ಲ, ಬಟ್ಟಲು ಮಾತ್ರ ಆಳ. ಎರಡು ವಾರ ಅದರಲ್ಲಿ ನುಡಿಸಿ, ಮೊಬೈಲನ್ನು 30 ಅಡಿ ದೂರ ಇಟ್ಟು ರೆಕಾರ್ಡ್ ಮಾಡಿ ಕೇಳು. ಬೇಕಾದ ನಾದ ಬಂತು ಅಂದರೆ ಅಲ್ಲಿಗೇ ನಿಲ್ಲಿಸು.

ಒಂದು ಎಚ್ಚರಿಕೆ. ನಿನ್ನ ಮನಸ್ಸಿನ ದುಂಡಗಿನ ನಾದ ಕಲ್ಯಾಣ ಮಂಟಪದ ಒಳಗೆ ಚಲೋ. ಡೋಲು, ಜನರೇಟರ್, ಪಟಾಕಿ ನಡುವೆ ಬೀದಿಯಲ್ಲಿ ನಡೆಯುವಾಗ ಅದು ಮುಂದಿನ ಸಾಲಿಗೂ ಮುಟ್ಟುವುದಿಲ್ಲ. ಹಾಗಾಗಿ 7ಸಿ ಬಿಸಾಡಬೇಡ. ಬೀದಿಗೆ ಅದು, ಮಂಟಪಕ್ಕೆ ಇದು.

ಇಷ್ಟಾದ ಮೇಲೂ ಹೊಸದೇ ಬೇಕು ಅಂದರೆ ಕೊಳವೆಯ ಒಳ ಅಗಲ ಕೇಳು. 0.459 ಇಂಚು, ಅಂದರೆ 11.65 ಮಿಲಿಮೀಟರ್ ಹತ್ತಿರ ಇದ್ದರೆ ಸಾಕು. ಯಮಾಹಾದ ಕಲಿಯುವವರ ಟ್ರಂಪೆಟ್ ವೈಟಿಆರ್ 2330 ಇದೇ ಅಳತೆಯದು. ಇದಕ್ಕಿಂತ ಅಗಲದ್ದು ಕೊಂಡರೆ ನಾದ ದೊಡ್ಡದಾಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಅಗಲದ ಕೊಳವೆಗೆ ಗಾಳಿಯೂ ಜಾಸ್ತಿ ಬೇಕು. ನಾಲ್ಕು ತಾಸಿನ ಮೆರವಣಿಗೆಯ ಕೊನೆಯ ತಾಸಿನಲ್ಲಿ ಅದು ಗೊತ್ತಾಗುತ್ತದೆ. ಮೀರತ್‌ನ ವಾದ್ಯಗಳನ್ನೂ ಪಟ್ಟಿಯಿಂದ ತೆಗೆಯಬೇಡ. ಅಲ್ಲಿ 1885ರಿಂದ ಬ್ಯಾಂಡ್ ವಾದ್ಯ ಮಾಡುವ ನಾದಿರ್ ಅಲಿ ಕಂಪನಿ ಇದೆ. ದೇಶದ ಎಷ್ಟೋ ಬ್ಯಾಂಡ್‌ಗಳು ಆ ಊರಿನ ವಾದ್ಯಗಳಿಂದಲೇ ಬದುಕಿವೆ. ಕೈಕೆಲಸ ಆದ್ದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಆರು ಊದಿ ಒಂದು ಆರಿಸು.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿಯುತ್ತೇನೆ ಅನ್ನುತ್ತಾಳೆ. ಮನೆಯಲ್ಲಿ ಹಿರಿಯರು ಹೆಣ್ಣುಮಕ್ಕಳ ತುಟಿ, ಮುಖ ಕೆಡುತ್ತದೆ ಅಂತ ಬೇಡ ಅನ್ನುತ್ತಿದ್ದಾರೆ. ಅವಳಿಗೆ ಕಿರುಚುವ ದನಿ ಇಷ್ಟ ಇಲ್ಲ, 'ಬೆಳಗಿನ ಜಾವದ ಥರ' ಇರಬೇಕಂತೆ. ಯಾವುದು ಕೊಡಿಸಲಿ?
– ಒಬ್ಬ ತಾಯಿ, ರಾಯಚೂರು

ತಾಯಿ, ನಿಮ್ಮ ಮಗಳು ನನಗೆ ತುಂಬಾ ಹಿಡಿಸಿದಳು. ಐವತ್ತು ವರ್ಷದವರು ಬಂದು 'ಒಳ್ಳೇ ಟ್ರಂಪೆಟ್ ಕೊಡಿ' ಅನ್ನುತ್ತಾರೆ. ಎಂಥ ನಾದ ಬೇಕು ಅಂತ ಕೇಳಿದರೆ ಬಾಯಿ ಬರುವುದಿಲ್ಲ. ಈ ಹುಡುಗಿಗೆ ಹನ್ನೊಂದಕ್ಕೇ ಗೊತ್ತಿದೆ.

ಮುಖ ಕೆಡುತ್ತದೆ ಅನ್ನುವುದು ಸುಳ್ಳು. ಇಂಗ್ಲೆಂಡಿನ ಆಲಿಸನ್ ಬಾಲ್ಸಮ್ ಅವರ ಟ್ರಂಪೆಟ್ ಮನೆಯ ಹಿರಿಯರಿಗೆ ಮೊಬೈಲಿನಲ್ಲಿ ಒಮ್ಮೆ ಕೇಳಿಸಿ, ತೋರಿಸಿ. ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿದರೆ ಗುರುತು ಬೀಳುತ್ತದೆ. ಅದು ಗಂಡಿಗೂ ಬೀಳುತ್ತದೆ. ಮೊದಲ ಆರು ತಿಂಗಳು ಒಂದು ಸಲಕ್ಕೆ 15 ನಿಮಿಷ, ಆಮೇಲೆ ಅಷ್ಟೇ ಹೊತ್ತು ವಿಶ್ರಾಂತಿ. ಮುಂದಿನ ಹಲ್ಲುಗಳು ಹಾಲುಹಲ್ಲು ಹೋಗಿ ಗಟ್ಟಿಯವು ಬಂದಿರಬೇಕು, ಅವಳ ವಯಸ್ಸಿಗೆ ಬಂದಿರುತ್ತವೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಯೋಚನೆ ಇದ್ದರೆ ಹಾಕಿಸಿದ ಮೇಲೆ ಕೆಲವು ವಾರ ಕಷ್ಟ, ಆಮೇಲೆ ತುಟಿ ಒಗ್ಗಿಕೊಳ್ಳುತ್ತದೆ.

ಬೆಳಗಿನ ಜಾವದ ದನಿ ಅಂದಳಲ್ಲ, ಅವಳಿಗೆ ಕಾರ್ನೆಟ್ ಕೊಡಿಸಿ. ಟ್ರಂಪೆಟ್‌ನಲ್ಲೂ ಕಾರ್ನೆಟ್‌ನಲ್ಲೂ ಕೊಳವೆಯ ಉದ್ದ ಒಂದೇ, ಸುಮಾರು ನಾಲ್ಕೂವರೆ ಅಡಿ. ಟ್ರಂಪೆಟ್‌ನಲ್ಲಿ ಬಹುಪಾಲು ಕೊಳವೆ ಒಂದೇ ಅಗಲ ಇದ್ದು ಕೊನೆಗೆ ಅರಳುತ್ತದೆ. ಕಾರ್ನೆಟ್‌ನಲ್ಲಿ ಶುರುವಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಅಗಲ ಆಗುತ್ತಾ ಹೋಗುತ್ತದೆ. ನಾದದ ಚೂಪು ಅಲ್ಲೇ ಕಡಿಮೆ ಆಗುತ್ತದೆ. ಕೊಳವೆಯನ್ನು ಇನ್ನೊಂದು ಸುತ್ತು ಸುತ್ತಿರುವುದರಿಂದ ವಾದ್ಯ ಗಿಡ್ಡ. ಭಾರ ಮೈಗೆ ಹತ್ತಿರ ಇರುತ್ತದೆ, ಚಿಕ್ಕ ಕೈ ನೋಯುವುದಿಲ್ಲ. ಬೆರಳಿನ ಪಾಠ ಎರಡಕ್ಕೂ ಒಂದೇ, ನಾಳೆ ಟ್ರಂಪೆಟ್ ಹಿಡಿದರೂ ಕಲಿತದ್ದು ಹೋಗುವುದಿಲ್ಲ. ಮೌತ್‌ಪೀಸ್ ಮಾತ್ರ ಬೇರೆ. ಕಾರ್ನೆಟ್‌ನದರ ಬಾಲ ಸಣ್ಣ, ಟ್ರಂಪೆಟ್‌ನದು ಅದಕ್ಕೆ ಕೂರುವುದಿಲ್ಲ. ಅಂಗಡಿಯವರು ಎರಡಕ್ಕೂ ಒಂದೇ ಸಾಕು ಅಂದರೆ ನಂಬಬೇಡಿ.

ಮೊದಲ ದಿನ ಅವಳು ಊದುವಾಗ ನೀವು ಪಕ್ಕದ ಕೋಣೆಯಲ್ಲಿ ಕೂತು ಕೇಳಿ. ಮುಂದೆ ನಿಂತು ಮುಖ ನೋಡಬೇಡಿ, ಮಕ್ಕಳು ನಾಚಿಕೊಂಡು ಉಸಿರು ಬಿಗಿ ಹಿಡಿಯುತ್ತಾರೆ.

ಪ್ರಶ್ನೆ: ಸ್ಯಾಕ್ಸೋಫೋನ್ ಹಿತ್ತಾಳೆಯದೇ ಅಲ್ಲವೇ? ಅದನ್ನು ಯಾಕೆ ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳ ಗುಂಪಿಗೆ ಸೇರಿಸುವುದಿಲ್ಲ?
– ಕಾಲೇಜು ವಿದ್ಯಾರ್ಥಿ, ಸಿಂಧನೂರು

ಮೈ ಹಿತ್ತಾಳೆ, ದನಿ ಹುಟ್ಟುವುದು ರೀಡಿನಲ್ಲಿ. ಶಹನಾಯಿಯಲ್ಲಿ ಪತ್ತಿ ಅದುರುವ ಹಾಗೆ. ನಮ್ಮ ವಾದ್ಯಗಳಲ್ಲಿ ಅದುರುವುದು ತುಟಿ. ಆ ಲೆಕ್ಕಕ್ಕೆ ಗುಡಿಯ ಮುಂದೆ ಊದುವ ಕಹಳೆ, ಕೊಂಬು ಟ್ರಂಪೆಟ್‌ನ ದೊಡ್ಡಪ್ಪಂದಿರು, ಸ್ಯಾಕ್ಸೋಫೋನ್ ಕ್ಲಾರ್ನೆಟ್‌ನ ತಮ್ಮ. ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದರಲ್ಲಿ ನಮ್ಮ ರಾಗ ಹೇಗೆ ನಿಲ್ಲುತ್ತದೆ ಅಂತ ಕದ್ರಿ ಗೋಪಾಲನಾಥರು ತೋರಿಸಿಕೊಟ್ಟಿದ್ದಾರೆ. ಆ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ, ನಾನು ಅದನ್ನು ನುಡಿಸಿದವನಲ್ಲ.

ಪ್ರಶ್ನೆ: ನಮ್ಮ ಊರಿನ ಒಂದು ಬ್ಯಾಂಡ್ ಸೆಟ್ ಮುಚ್ಚಿತು. ಅವರು ಒಂದು ಟ್ರಂಪೆಟ್, ಒಂದು ಟ್ರೊಂಬೋನ್ ಮಾರುತ್ತಿದ್ದಾರೆ. ಎರಡೂ ಥಳಥಳ ಹೊಳೆಯುತ್ತಿವೆ. ನನಗೆ ವಚನಗಳನ್ನು ನುಡಿಸುವ ಆಸೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರಬೇಕು. ಯಾವುದು ತಗೊಳ್ಳಲಿ, ಹೇಗೆ ಪರೀಕ್ಷೆ ಮಾಡಲಿ?
– ಶಾಲಾ ಶಿಕ್ಷಕ, ಕೊಪ್ಪಳ

ಗುರುಗಳೇ, ಮೀಂಡ್ ಬೇಕು ಅಂದ ಮೇಲೆ ಟ್ರೊಂಬೋನೇ. ಟ್ರಂಪೆಟ್‌ನಲ್ಲಿ ಬೆರಳಿನಿಂದ ಒತ್ತುವ ಪಿಸ್ಟನ್ ಅರ್ಧ ಒತ್ತಿ ಜಾರಿಸಬಹುದು, ಆದರೆ ನಾದ ಮೂಗಿನಿಂದ ಬಂದ ಹಾಗಾಗುತ್ತದೆ. ಟ್ರೊಂಬೋನಿನ ಜಾರುಕೊಳವೆಯಲ್ಲಿ ಏಳು ನಿಲುಗಡೆ ಇವೆ. ಆ ನಿಲುಗಡೆಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಗಂಟಲಿನ ಹಾಗೆ ಜಾರುವ ವಾದ್ಯ ಈ ಗುಂಪಿನಲ್ಲಿ ಅದೊಂದೇ.

ಆದರೆ ಆ ಥಳಥಳ ನನಗೆ ಅನುಮಾನ ತರಿಸುತ್ತದೆ. ಮಾರುವ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದ ವಾದ್ಯಗಳನ್ನು ಎಷ್ಟೋ ನೋಡಿದ್ದೇನೆ. ದೀಪಕ್ಕೆ, ಕೊಡಕ್ಕೆ ಅದು ಸರಿ. ವಾದ್ಯದ ಮೇಲೆ ತೆಳ್ಳನೆ ಲ್ಯಾಕರ್ ಪದರ ಇರುತ್ತದೆ, ಹುಳಿ ಹಾಕಿ ತಿಕ್ಕಿದರೆ ಅದು ಕಿತ್ತುಹೋಗುತ್ತದೆ. ಹೊಳಪು ನೋಡಬೇಡಿ. ಮೌತ್‌ಪೀಸ್ ತೆಗೆದು, ಅದು ಕೂರುವ ಮೊದಲ ಕೊಳವೆಯನ್ನು ಬಿಸಿಲಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ. ಹಳದಿ ಮೈಮೇಲೆ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ ಇದ್ದರೆ ಉಗುರಿನಿಂದ ಒತ್ತಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವು. ವರ್ಷಗಟ್ಟಲೆ ಉಸಿರಿನ ತೇವ ಒಳಗೆ ನಿಂತರೆ ಸತುವು ಕರಗಿ ಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಆ ಗುಲಾಬಿ ಬಣ್ಣ ಅದೇ. ಅದು ಹೊರಗಿನ ಕಲೆ ಅಲ್ಲ, ಒಳಗಿನಿಂದ ತಿಂದುಕೊಂಡು ಬಂದದ್ದು. ಇವತ್ತು ಚುಕ್ಕೆ, ನಾಳೆ ತೂತು. ಒಂದೆರಡು ಇದ್ದರೆ ಆ ಕೊಳವೆ ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ತುಂಬಾ ಇದ್ದರೆ ಎದ್ದು ಬನ್ನಿ.

ಟ್ರೊಂಬೋನಿನ ಪ್ರಾಣ ಅದರ ಜಾರುಕೊಳವೆ. ಒಳಗಿನ ಕೊಳವೆಗಳನ್ನು ಒರೆಸಿ, ಸ್ವಲ್ಪ ಎಣ್ಣೆ ಹಾಕಿ, ವಾದ್ಯವನ್ನು ನೆಟ್ಟಗೆ ಹಿಡಿದು ಬೀಗ ಬಿಚ್ಚಿ. ಇನ್ನೊಂದು ಕೈ ಕೆಳಗೆ ಇಟ್ಟುಕೊಂಡೇ ಇರಿ. ಹೊರಗಿನ ಕೊಳವೆ ತನ್ನ ಭಾರಕ್ಕೆ ತಾನೇ ಸರ್ರನೆ ಇಳಿಯಬೇಕು. ನಡುವೆ ತಡೆದರೆ ಎಲ್ಲೋ ಬಾಗಿದೆ ಅಥವಾ ನೆಗ್ಗಿದೆ. ಬೆಲ್ ಮೇಲಿನ ನೆಗ್ಗು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ನಾದಕ್ಕೆ ಅಷ್ಟೇನೂ ಆಗುವುದಿಲ್ಲ. ಜಾರುಕೊಳವೆಯ ಮೇಲಿನದು ಕಣ್ಣಿಗೆ ಕಾಣದಷ್ಟು ಚಿಕ್ಕದಿದ್ದರೂ ದಿನವೂ ಕಾಡುತ್ತದೆ.

ಟ್ರಂಪೆಟನ್ನೂ ನೋಡುವುದಾದರೆ ಹೀಗೆ ಮಾಡಿ. ಪಿಸ್ಟನ್ ಒತ್ತದೆ ಎರಡನೇ ಪಿಸ್ಟನ್ನಿನ ಚಿಕ್ಕ ಸ್ಲೈಡನ್ನು (ಎಳೆದರೆ ಹೊರಬರುವ ಬಾಗಿದ ಕೊಳವೆ) ಎಳೆದು ತೆಗೆಯಿರಿ. ಬಾಟಲಿ ಬಿರಡೆ ತೆಗೆದ ಹಾಗೆ 'ಪಟ್' ಅನ್ನಬೇಕು. ಅಂದರೆ ಗಾಳಿ ಸೋರುತ್ತಿಲ್ಲ. ಸದ್ದಿಲ್ಲದೆ ಬಂದುಬಿಟ್ಟರೆ ಪಿಸ್ಟನ್ ಸವೆದಿರಬಹುದು, ಅಥವಾ ಸ್ಲೈಡೇ ಸಡಿಲ ಇರಬಹುದು. ಎಣ್ಣೆ ಹಾಕಿ ಇನ್ನೊಮ್ಮೆ ನೋಡಿ ತೀರ್ಮಾನ ಮಾಡಿ.

ಪ್ರಶ್ನೆ: ಚಿನ್ನದ ಬಣ್ಣದ್ದು ತಗೊಳ್ಳಲಾ, ಬೆಳ್ಳಿ ಬಣ್ಣದ್ದಾ? ಬೆಳ್ಳಿಯದರ ನಾದ ತಂಪು ಅನ್ನುತ್ತಾರೆ.
– ಓದುಗರು, ಮಾನ್ವಿ

ನಮ್ಮ ತಂದೆ ಕೌಲ್ ಬಜಾರಿನಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ತಿದಿ ಒತ್ತಲು ನಾನು ಕೂರುತ್ತಿದ್ದೆ. ಹೆಣ್ಣುಮಕ್ಕಳು ಕೊಡ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ಕೇಳುತ್ತಿದ್ದರು, ಬಿರುಕು ಇದ್ದರೆ ದನಿ ಸತ್ತಿರುತ್ತದೆ. ಅದನ್ನೇ ನೋಡಿ ಬೆಳೆದವನಾದ್ದರಿಂದ ಟ್ರಂಪೆಟ್‌ನಲ್ಲೂ ಲೋಹವೇ ಹಾಡುತ್ತದೆ ಅಂತ ಬಹಳ ವರ್ಷ ನಂಬಿದ್ದೆ. ಹಾಗಲ್ಲ. ಕೊಡದಲ್ಲಿ ಅದುರುವುದು ಲೋಹ, ಟ್ರಂಪೆಟ್‌ನಲ್ಲಿ ಅದುರುವುದು ಒಳಗಿನ ಗಾಳಿ. ನಾದವನ್ನು ತಿದ್ದುವುದು ಮುಖ್ಯವಾಗಿ ಕೊಳವೆಯ ಆಕಾರ. ಮೇಲಿನ ತೆಳ್ಳನೆ ಬಣ್ಣದಿಂದ 30 ಅಡಿ ದೂರದಲ್ಲಿ ಬೆನ್ನು ಮಾಡಿ ನಿಂತವರಿಗೆ ವ್ಯತ್ಯಾಸ ಗೊತ್ತಾಗಿದ್ದು ನಾನು ಕಂಡಿಲ್ಲ.

ಹಿತ್ತಾಳೆಯಲ್ಲೇ ಬಗೆಗಳಿವೆ. ಮಾಮೂಲಿ ಹಳದಿ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತುವು. ಗೋಲ್ಡ್ ಬ್ರಾಸ್ ಅಂದರೆ 85 ತಾಮ್ರ, 15 ಸತುವು. ತಾಮ್ರ ಜಾಸ್ತಿ ಆದರೆ ನಾದ ಬೆಚ್ಚಗೆ ಅನ್ನುತ್ತಾರೆ. ಇದ್ದರೂ ಅದು ಉಪ್ಪಿನಕಾಯಿಯಷ್ಟು, ಊಟ ಆಕಾರದ್ದೇ. ಬೆವರು ಹುಳಿ ಇರುವವರ ಕೈಯಲ್ಲಿ ಲ್ಯಾಕರ್ ಬೇಗ ಹೋಗುತ್ತದೆ, ಅವರಿಗೆ ಬೆಳ್ಳಿ ಲೇಪ ಒಳ್ಳೆಯದು. ನಮ್ಮ ಬಿಸಿಲಿನಲ್ಲಿ ಇದು ಯೋಚಿಸುವ ಮಾತೇ.

ಪ್ರಶ್ನೆ: ಹೊಸ ಟ್ರಂಪೆಟ್ ಕೊಂಡೆ. ಅಂಗಡಿಯ ಎಸಿಯಲ್ಲಿ ಶ್ರುತಿ ಸರಿ ಇತ್ತು. ಇಲ್ಲಿ ಏಪ್ರಿಲ್ ಮದುವೆಯಲ್ಲಿ ಕೀಬೋರ್ಡ್‌ಗಿಂತ ಮೇಲೆ ಹೋಗುತ್ತದೆ. ಮೋಸ ಹೋದೆನಾ?
– ಬ್ಯಾಂಡ್ ವಾದಕ, ತೋರಣಗಲ್ಲು

ಮೋಸ ಇಲ್ಲ, ಇದು ನಮ್ಮ ಬಿಸಿಲು. ಕಾದರೆ ಲೋಹ ಹಿಗ್ಗುತ್ತದೆ, ಕೊಳವೆ ಉದ್ದ ಆಗಿ ಶ್ರುತಿ ಇಳಿಯಬೇಕಲ್ಲ ಅಂತ ಕೆಲವರು ವಾದಿಸುತ್ತಾರೆ. 20 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ ಆ ಕೊಳವೆ ಹಿಗ್ಗುವುದು ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟರಲ್ಲಿ ಒಳಗಿನ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರಿನಿಂದ 355ಕ್ಕೆ ಏರಿರುತ್ತದೆ. ಶ್ರುತಿಯನ್ನು ಎಳೆದುಕೊಂಡು ಹೋಗುವುದು ಅದು. ಲೆಕ್ಕದ ಪ್ರಕಾರ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಉಸಿರಿನ ಬಿಸಿ ಕೊಳವೆಯೊಳಗೆ ಮೊದಲೇ ಇರುವುದರಿಂದ ನಿಜದಲ್ಲಿ ಅಷ್ಟು ಪೂರ್ತಿ ಏರುವುದಿಲ್ಲ. ಕೀಬೋರ್ಡ್‌ಗೆ ಬಿಸಿಲು ತಾಕುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ.

ದೊಡ್ಡ ಸ್ಲೈಡ್ ಎಳೆಯಿರಿ. 1 ಸೆಂಟಿಮೀಟರ್ ಎಳೆದರೆ ಹೋಗುವ ದಾರಿ, ಬರುವ ದಾರಿ ಸೇರಿ 2 ಸೆಂಟಿಮೀಟರ್ ಉದ್ದ ಆಗುತ್ತದೆ. ಇನ್ನು ಮುಂದೆ ಕೊಳ್ಳುವವರಿಗೂ ಹೇಳುತ್ತೇನೆ. ಅಂಗಡಿಯ ಎಸಿಯಲ್ಲಿ ಶ್ರುತಿ ಸರಿಮಾಡಲೇ ಸ್ಲೈಡ್ ಬಹಳ ಎಳೆಯಬೇಕಾದರೆ ಆ ವಾದ್ಯ ನಮ್ಮ ಕಡೆಗಲ್ಲ, ಬೇಸಿಗೆಗೆ ಎಳೆಯಲು ಏನೂ ಉಳಿದಿರುವುದಿಲ್ಲ. ನೀವಿರುವುದು ಅದಿರು ಲಾರಿಗಳ ದಾರಿಯಲ್ಲಿ. ಆ ಕೆಂಪು ಧೂಳು ಪಿಸ್ಟನ್ನಿಗೆ ಉಪ್ಪುಕಾಗದ ಇದ್ದ ಹಾಗೆ. ಪ್ರತಿ ಕಾರ್ಯಕ್ರಮ ಆದ ಮೇಲೆ ಪಿಸ್ಟನ್ ಹೊರಗೆ ತೆಗೆದು ಹತ್ತಿ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಾಕಿ ಇಡಿ. ತೆಂಗಿನೆಣ್ಣೆ ಬೇಡ, ಜಿಡ್ಡು ಕಟ್ಟುತ್ತದೆ. ಪಿಸ್ಟನ್ನಿಗೆಂದೇ ಇರುವ ವಾಲ್ವ್ ಎಣ್ಣೆಯೇ ಆಗಬೇಕು.

ಪ್ರಶ್ನೆ: ನನಗೀಗ 63. ಮೂವತ್ತೈದು ವರ್ಷ ಬ್ಯಾಂಡಿನಲ್ಲಿ ಬೇಸ್ (ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ) ನುಡಿಸಿದೆ. ಬೇರೆಯವರ ಹಾಡಿಗೆ ಬುಡ ಹಿಡಿದದ್ದೇ ಆಯಿತು, ಹಾಡನ್ನು ನಾನು ಒಮ್ಮೆಯೂ ನುಡಿಸಲಿಲ್ಲ. ಈಗ ಮಕ್ಕಳು ದುಡ್ಡು ಕೊಡುತ್ತೇವೆ ಅನ್ನುತ್ತಿದ್ದಾರೆ. ನನಗಾಗಿ ಒಂದು ವಾದ್ಯ ಬೇಕು. ಬ್ಯಾಂಡಿನ ಜೊತೆಯವರು ಯಾರೂ ಉಳಿದಿಲ್ಲ, ಕೇಳಿ ಹೇಳುವವರಿಲ್ಲ. ಹಿಂದೆ ಮನೆಯಲ್ಲಿ ಮೆತ್ತಗೆ ಅಭ್ಯಾಸ ಮಾಡುವಾಗ ನನ್ನ ಹೆಂಡತಿ, 'ಮದುವೆಯಲ್ಲಿ ಊದುವುದಕ್ಕಿಂತ ಇದೇ ಚೆಂದ' ಅನ್ನುತ್ತಿದ್ದಳು.
– ನಿವೃತ್ತ ವಾದಕ, ಲಿಂಗಸುಗೂರು

ಅಣ್ಣಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ.

ಯೂಫೋನಿಯಂ ತಗೊಳ್ಳಿ. ನಿಮ್ಮ ತುಟಿ ದೊಡ್ಡ ಮೌತ್‌ಪೀಸಿಗೆ ಒಗ್ಗಿದೆ, ಈ ವಯಸ್ಸಿನಲ್ಲಿ ಟ್ರಂಪೆಟ್‌ನ ಚಿಕ್ಕ ಬಟ್ಟಲಿಗೆ ಅದನ್ನು ಹಿಂಡುವುದು ಬೇಡ. ಯೂಫೋನಿಯಂ ಕೊಳವೆ ಸುಮಾರು 9 ಅಡಿ, ಟ್ರಂಪೆಟ್‌ಗಿಂತ ಒಂದು ಸ್ಥಾಯಿ ಕೆಳಗೆ. ಗಂಡಸು ಕೂತು ಮೆಲ್ಲಗೆ ಹಾಡಿಕೊಳ್ಳುವ ಜಾಗ ಅದು. ಕೊಳವೆ ಕಾರ್ನೆಟ್‌ನ ಹಾಗೆ ಅಗಲ ಆಗುತ್ತಾ ಹೋಗುವುದರಿಂದ ಜೋರು ಮಾಡಿದರೂ ಚುಚ್ಚುವುದಿಲ್ಲ. ಬೆಲ್ ಮೇಲಕ್ಕೆ ತೆರೆದಿರುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ನುಡಿಸಬಹುದು, ಹೆಗಲಿಗೆ ಹೊರೆ ಇಲ್ಲ. ನಿಮ್ಮ ಬೆರಳುಗಳಿಗೆ ಪಿಸ್ಟನ್ ಹೊಸದಲ್ಲ. ನಾಲ್ಕು ಪಿಸ್ಟನ್ನಿನದು ಸಿಕ್ಕರೆ ಅದನ್ನೇ ಆರಿಸಿ. ಮೂರರದ್ದರಲ್ಲಿ ಒಂದು ಮತ್ತು ಮೂರನ್ನು ಒಟ್ಟಿಗೆ ಒತ್ತಿದಾಗ ಸ್ವರ ಸ್ವಲ್ಪ ಮೇಲೆ ನಿಲ್ಲುತ್ತದಲ್ಲ, ಇಷ್ಟು ವರ್ಷ ತುಟಿಯಲ್ಲೇ ಅದನ್ನು ಇಳಿಸಿದ್ದೀರಿ. ಅಲ್ಲಿ ನಾಲ್ಕನೆಯದು ಒತ್ತಿದರೆ ಸರಿಹೋಗುತ್ತದೆ.

ಕೇಳಿ ಹೇಳುವವರಿಲ್ಲ ಅಂದಿರಿ. ನಿಮ್ಮ ಮನೆಯವರು ಅಷ್ಟು ವರ್ಷ ಪಕ್ಕದ ಕೋಣೆಯಿಂದ ನಿಮ್ಮ ನಾದ ಕೇಳಿದ್ದಾರೆ. ನೀವು ಬೆಲ್‌ನ ಹಿಂದೆ ಇದ್ದಿರಿ, ಅವರು ಮುಂದೆ ಇದ್ದರು. ಮೆತ್ತಗಿನದೇ ಚೆಂದ ಅಂತ ಆಗಲೇ ಹೇಳಿಯೂ ಇದ್ದಾರೆ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಹೊರಗೆ ಒಂದು ಕುರ್ಚಿ ಹಾಕಿಸಿ, ಬೀದಿ ಕಡೆ ಮುಖ ಮಾಡಿ ಕೂರಿಸಿ. ಮೂರು ವಾದ್ಯ ಇರಲಿ, ಮೂರರಲ್ಲೂ ಅವರಿಗೆ ಇಷ್ಟವಾದ ಒಂದು ಹಾಡನ್ನು ಮೆತ್ತಗೆ ನುಡಿಸಿ. ಹಾಡು ತಪ್ಪಿದರೂ ಪರವಾಗಿಲ್ಲ, ನಿಲ್ಲಿಸಬೇಡಿ. ಅವರು ಕೈ ಎತ್ತಿದ್ದನ್ನು ತಗೊಳ್ಳಿ. ದುಡ್ಡು ಕೊಡುವ ಮೊದಲು ಎರಡನೇ ಸ್ಲೈಡ್ ಎಳೆದು 'ಪಟ್' ಅನ್ನುತ್ತದಾ ನೋಡಿ, ಮೊದಲ ಕೊಳವೆಯನ್ನು ಒಮ್ಮೆ ಬಿಸಿಲಿಗೆ ಹಿಡಿಯಿರಿ.